ಮುನ್ನೂರು ಮೀಟರಿನೊಳಗೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಂಗಡಿಯ ಕದ ತೆಗೆದಾಗ ಎದುರಿನ ವಾಹನ ನಿಲುಗಡೆ ಜಾಗದ ಬೇಲಿಗೆ ಹಳದಿ ಕಾಗದ ಅಂಟಿಸಿದ್ದು ಕಂಡಿತು. ಮಂಜು ಇನ್ನೂ ಕರಗಿರಲಿಲ್ಲ. ನಲವತ್ತಾರು ಗಾಡಿ ಹಿಡಿಸುವ ಜಾಗದಲ್ಲಿ ಆರು ಗಾಡಿ ಮಲಗಿದ್ದವು, ಗಾಜಿನ ತುಂಬ ಹನಿ. ನಾನು ಒಳಗೆ ಹೋಗಿ ಕನ್ನಡಕ ತರುವಷ್ಟರಲ್ಲಿ ಮೊಳೆಬಾಯಿ ಓದಿ ಮುಗಿಸಿದ್ದ. ಅವನು ನಮ್ಮ ಹಳೆಯ ಕೆಲಸಗಾರ. ಕುರ್ಚಿಗೆ ಬಟ್ಟೆ ಹೊಡೆಯುವಾಗ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಾನೆ, ಆದ್ದರಿಂದ ಮಾತು ಕಡಿಮೆ. ಇವತ್ತು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಹೇಳಿದ: "ಇಲ್ಲಿ ಈಜುಕೊಳ ಕಟ್ತಾರಂತೆ, ಅಮ್ಮಾವ್ರೇ."

ಈಜುಕೊಳವಂತೆ. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿಕೊಡುವ ಅಂಗಡಿ ನಮ್ಮದು. ಸೋಫಾವನ್ನು ಯಾರೂ ಕೈಚೀಲದಲ್ಲಿ ತರುವುದಿಲ್ಲ, ಗಾಡಿಯಲ್ಲೇ ತರಬೇಕು. ಎದುರಿಗೆ ಗಾಡಿ ನಿಲ್ಲದಿದ್ದರೆ ಆರು ತಿಂಗಳಲ್ಲಿ ನಾವು ಕದ ಹಾಕಿಕೊಂಡು ಹೋಗಬೇಕು. ಮೂವತ್ತೆಂಟು ವರ್ಷ ನಡೆಸಿದ ಅಂಗಡಿಯನ್ನು ಯಾರೋ ನೀರಾಟ ಆಡಲಿ ಎಂದು ಮುಚ್ಚುವವಳು ನಾನಲ್ಲ.

ಅಳತೆ ಬರೆಯಲು ತಂದಿದ್ದ ಈ ಪುಸ್ತಕದಲ್ಲಿ ಇಂದಿನಿಂದ ತಾರೀಕಿನ ಸಮೇತ ಎಲ್ಲ ಬರೆದಿಡುತ್ತೇನೆ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ.

ಮಾರ್ಚ್ 4, ಮಂಗಳವಾರ

ಸೊಸೆ ಚುರುಕು. ನಗರಸಭೆಯ ಕಚೇರಿಗೆ ಹೋಗಿ ನಿಯಮದ ಪ್ರತಿ ತಂದಳು. ಊಟದ ಮೇಜಿನ ಮೇಲೆ ಹರಡಿ ಇಬ್ಬರೂ ಓದಿದೆವು. ಸಾರ್ವಜನಿಕ ನಿಲುಗಡೆ ಜಾಗವನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಬೇಕಾದರೆ ಬದಲಿ ಜಾಗ ಕೊಡಲೇಬೇಕು. ಅದರಲ್ಲಿ ಮೊದಲಿನಷ್ಟೇ ಗಾಡಿ ಹಿಡಿಸಬೇಕು. ಹಳೆಯದನ್ನು ಮುಚ್ಚುವ ಮೊದಲು ಹೊಸದು ತೆರೆದಿರಬೇಕು. ಮುಖ್ಯವಾದದ್ದು ಮೂರನೆಯದು: ಹಳೆಯ ಜಾಗದಿಂದ ಹೊಸದಕ್ಕೆ ಕಾಲ್ನಡಿಗೆಯ ದಾರಿ ಮುನ್ನೂರು ಮೀಟರ್ ಮೀರಬಾರದು. ಹಕ್ಕಿ ಹಾರುವ ದೂರವಲ್ಲ, ಮನುಷ್ಯ ನಡೆಯುವ ದೂರ. ಈ ನಿಯಮ ಬರೆದವನು ಯಾವತ್ತೋ ಭಾರ ಹೊತ್ತಿರಬೇಕು.

ನಗರಸಭೆ ಗುರುತಿಸಿರುವ ಬದಲಿ ಜಾಗ ನಮ್ಮ ಹಿತ್ತಿಲ ಗೋಡೆಯ ಆಚೆಗಿರುವ, ಮುಚ್ಚಿಹೋದ ಮರದ ಕಾರ್ಖಾನೆಯ ಅಂಗಳ. ಗೋಡೆಯಾಚೆಯವಳು ಕೊಡಲು ಒಪ್ಪಿದ್ದಾಳಂತೆ. ಒಪ್ಪದೆ ಏನು. ಅವಳು ನನ್ನ ತಂಗಿ ಎಂಬುದು ಈಗ ಕಾಗದದ ಮೇಲಿನ ಮಾತು, ಇಪ್ಪತ್ತೆರಡು ವರ್ಷದಿಂದ ಮಾತಿಲ್ಲ ಕತೆಯಿಲ್ಲ.

ಮಧ್ಯಾಹ್ನ ಗಿರಾಕಿಯೊಬ್ಬರ ಹಸಿರು ಸೋಫಾದ ಸ್ಪ್ರಿಂಗ್ ಸರಿಯಿದೆಯೇ ಎಂದು ನೋಡಲು ಕುಳಿತೆ. ನಿದ್ದೆ ಮಾಡಲಿಲ್ಲ, ಕಣ್ಣು ಮುಚ್ಚಿದ್ದೆ ಅಷ್ಟೆ. ಎದುರಿನ ಜಾಗದ ತುಂಬ ನೀರು. ಗಾಡಿಗಳು ಮುಳುಗಿರಲಿಲ್ಲ, ತೇಲುತ್ತಲೂ ಇರಲಿಲ್ಲ, ನೀರಿನ ನಡುಮಟ್ಟದಲ್ಲಿ ಸುಮ್ಮನೆ ನಿಂತಿದ್ದವು. ತಳದಲ್ಲಿ ಬಿಳಿ ಗೆರೆಗಳು ಅಲುಗುತ್ತಿದ್ದವು. ಹದಿನೇಳನೆಯ ಗೆರೆಯ ಹತ್ತಿರ ಯಾರೋ ಧುಮುಕಿದರು. ಎಚ್ಚರವಾದಾಗ, ಅಂದರೆ ಕಣ್ಣು ತೆರೆದಾಗ, ಸೊಸೆ ಫ್ಯಾನ್ ಹಾಕಿ ಹೋಗಿದ್ದಳು.

ಮಾರ್ಚ್ 7, ಶುಕ್ರವಾರ

ಅಧಿಕಾರಿಗಳ ಅಳತೆಯನ್ನು ನಂಬಿ ಕೂರುವವಳಲ್ಲ ನಾನು. ಮೂವತ್ತು ಮೀಟರಿನ ಟೇಪು ಹಿಡಿದು ಮೊಳೆಬಾಯಿಯನ್ನು ಕರೆದುಕೊಂಡು ಹೊರಟೆ. ನಿಲುಗಡೆ ಜಾಗದ ಬಾಗಿಲಿನಿಂದ ಎಡಕ್ಕೆ ಗಡಿಯಾರ ರಿಪೇರಿಯವನ ಮೂಲೆ, ಅಲ್ಲಿಂದ ಇಸ್ತ್ರಿ ಅಂಗಡಿ, ಮತ್ತೆ ಎಡಕ್ಕೆ ಉದ್ದನೆಯ ಗೋದಾಮಿನ ಗೋಡೆ. ಪ್ರತಿ ಮೂವತ್ತು ಮೀಟರಿಗೆ ಸೀಮೆಸುಣ್ಣದ ಗುರುತು. ಜನ ನೋಡುತ್ತಿದ್ದರು. ನೋಡಲಿ. ಇಸ್ತ್ರಿಯವಳು ರಸ್ತೆಗೆ ಎಷ್ಟು ಗಜ ಬಟ್ಟೆ ಬೇಕಾಗುತ್ತದೆ ಎಂದು ಕೇಳಿದಳು. ನಿನ್ನ ಬಾಯಿಗೆ ಒಂದು ತುಂಡು ಉಳಿಯುತ್ತದೆ ಎಂದೆ.

ಮರದ ಕಾರ್ಖಾನೆಯ ಗೇಟಿನ ಬಳಿ ಗೋಡೆಯಾಚೆಯವಳು ಒಂದು ದಿಮ್ಮಿಯ ಮೇಲೆ ಕುಳಿತು ಶಿಳ್ಳೆ ಹಾಕುತ್ತಿದ್ದಳು. ನಮ್ಮನ್ನು ಕಂಡು ನಿಲ್ಲಿಸಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡದೆ ಮೊಳೆಬಾಯಿಗೆ ಹೇಳಿದಳು: "ಟೇಪು ಸಡಿಲ ಬಿಟ್ಟಿದ್ದೀಯಲ್ಲೋ, ಎಳೆದು ಹಿಡ್ಕೋ. ಯಾರಿಗೂ ಮೋಸ ಆಗಬಾರ್ದು."

ಅವನು ಎಳೆದು ಹಿಡಿದ. ಅರ್ಧ ಮೀಟರ್ ಕಡಿಮೆಯಾಯಿತು. ಆರುನೂರ ಹನ್ನೆರಡು. ಅದನ್ನೇ ಬರೆದುಕೊಂಡೆ. ಅರ್ಧ ಮೀಟರಿಗೆ ನಾನು ಸುಳ್ಳು ಹೇಳುವುದಿಲ್ಲ. ಹೇಗೂ ಮುನ್ನೂರರ ಎರಡು ಪಟ್ಟಿದೆ. ಈಜುಕೊಳ ಅಲ್ಲಿಗೆ ಮುಳುಗಿತು.

ಮಾರ್ಚ್ 11, ಮಂಗಳವಾರ

ನಮ್ಮ ಹಿತ್ತಿಲ ಗೋಡೆಯಲ್ಲಿ ಒಂದು ಬಾಗಿಲಿದೆ. ಆಸ್ತಿ ಇಬ್ಬರಿಗೂ ಹಂಚಿ, ಮುಂದಿನ ಅಂಗಡಿ ನನಗೆ, ಹಿಂದಿನ ಕಾರ್ಖಾನೆ ಅವಳಿಗೆ ಎಂದು ಮಾಡಿದಾಗ ಅಪ್ಪ ನಡುವೆ ಗೋಡೆ ಕಟ್ಟಿಸಿ, ಗೋಡೆಯಲ್ಲಿ ಬಾಗಿಲು ಇಡಿಸಿದರು. ಅಪ್ಪನ ಕೊನೆಯ ಎರಡು ವರ್ಷ ಅವರನ್ನು ನೋಡಿಕೊಂಡವಳು ನಾನು. ಅವರು ಹೋದ ಮಾರನೆಯ ದಿನ, ಬಂದವರೆಲ್ಲ ನನ್ನನ್ನು ಹೊಗಳುತ್ತಿದ್ದಾಗ, ಅವಳು ಎಲ್ಲರ ಎದುರಿಗೆ ಅಂದಳು: "ಅಕ್ಕ ಅಪ್ಪನ್ನ ನೋಡ್ಕೊಂಡಿದ್ದು ನಾಲ್ಕು ಜನ ನೋಡ್ಲಿ ಅಂತ."

ಅಂದೇ ಸಂಜೆ ಬೀಗ ಹಾಕಿದೆ. ಬೀಗ ನನ್ನ ಕಡೆಗಿದೆ. ಕೀಲಿಕೈ ಕಳೆದುಹೋಗಿದೆ ಎಂದು ಮನೆಯವರಿಗೆ ಹೇಳಿದ್ದೇನೆ. ವರ್ಷಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ನಾಲ್ಕು ಹನಿ ಬೀಗಕ್ಕೆ ಬಿಡುತ್ತೇನೆ. ಬೇರೇನಿಲ್ಲ, ಒಳ್ಳೆಯ ಹಿತ್ತಾಳೆ ಬೀಗ, ಹಾಳಾಗಬಾರದು.

ಅವಳ ಶಿಳ್ಳೆ ದಿನಾ ಬೆಳಿಗ್ಗೆ ಆರೂವರೆಗೆ ಕೇಳಿಸುತ್ತದೆ. ಗಡಿಯಾರ ನೋಡುವ ಕೆಲಸ ತಪ್ಪುತ್ತದೆ ಅಷ್ಟೆ.

ಮಾರ್ಚ್ 14, ಶುಕ್ರವಾರ

ಆಕ್ಷೇಪಣೆ ಬರೆದು ಮುಗಿಸಿದೆ. ಸೊಸೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿಕೊಡುತ್ತೇನೆ ಎಂದಳು. ಬೇಡ ಎಂದೆ. ಹೈಸ್ಕೂಲಿನಲ್ಲಿ ಚಿತ್ರಕಲೆಗೆ ಬಹುಮಾನ ಪಡೆದವಳು ನಾನು. ಚೌಕಗಳ ಹಾಳೆ ತೆಗೆದು, ಸ್ಕೇಲು ಹಿಡಿದು, ಕಪ್ಪು ಮಸಿಯಲ್ಲಿ ಎಲ್ಲವನ್ನೂ ಬರೆದೆ. ನಲವತ್ತಾರು ಗೆರೆ, ಅಂಗಡಿ, ಹಿತ್ತಿಲು, ಗೋಡೆ, ರಸ್ತೆಯ ತಿರುವುಗಳು, ಕಾರ್ಖಾನೆ. ಯಾವ ಗಿರಾಕಿಯ ಮನೆಗೆ ಹೋದರೂ ಹೀಗೆಯೇ ಬರೆಯುತ್ತೇವೆ. ಬಾಗಿಲುಗಳ ಅಗಲ ಮೊದಲು, ಆಮೇಲೆ ಸೋಫಾ. ಇಲ್ಲದಿದ್ದರೆ ಸಿದ್ಧವಾದ ಸೋಫಾ ಅವರ ಹೊಸ್ತಿಲಲ್ಲಿ ಸಿಕ್ಕಿಕೊಂಡು ನಮ್ಮ ಮಾನ ಹೋಗುತ್ತದೆ.

ನಕ್ಷೆ ಚೆನ್ನಾಗಿ ಬಂದಿದೆ. ಮೊಳೆಬಾಯಿ ಬಹಳ ಹೊತ್ತು ನೋಡಿದ. ಏನೋ ಹೇಳಲು ಬಾಯಿ ತೆರೆದ, ಮೊಳೆ ಬೀಳುತ್ತದೆಂದು ಮತ್ತೆ ಮುಚ್ಚಿಕೊಂಡ.

ಮಾರ್ಚ್ 20, ಗುರುವಾರ

ವಿಚಾರಣೆ. ಎತ್ತರದ ಕಿಟಕಿಗಳಿದ್ದ ಕೋಣೆ, ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅಧಿಕಾರಿ ಹೆಂಗಸು, ನನ್ನ ಮಗನಿಗಿಂತ ಚಿಕ್ಕವಳು. ಎದುರಿನ ಬೆಂಚಿನಲ್ಲಿ ಗೋಡೆಯಾಚೆಯವಳು. ನಾನು ಎದ್ದು ನಿಂತು ಆರುನೂರ ಹನ್ನೆರಡು ಮೀಟರ್ ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಇಸ್ತ್ರಿಯವಳು ತಲೆಯಾಡಿಸಿದಳು. ಎಲ್ಲ ಸರಿಯಾಗಿತ್ತು.

ಅಧಿಕಾರಿ ನಕ್ಷೆಯನ್ನು ಎತ್ತಿ ಬೆಳಕಿಗೆ ಹಿಡಿದು ಇಷ್ಟು ಅಚ್ಚುಕಟ್ಟಾದ ನಕ್ಷೆ ತನ್ನ ಕಚೇರಿಯಲ್ಲೂ ಇಲ್ಲ ಎಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಆಮೇಲೆ ಬೆರಳಿಟ್ಟು ಕೇಳಿದಳು: "ಗೋಡೆಯಲ್ಲಿ ಇದೇನಮ್ಮ? ಬಾಗಿಲು, ಮೂರು ಅಡಿ ಎರಡು ಅಂಗುಲ ಅಂತ ಬರೆದಿದ್ದೀರಿ."

ಕೈ ತನ್ನ ಪಾಡಿಗೆ ಬರೆದಿತ್ತು. ಮೂವತ್ತೆಂಟು ವರ್ಷ ಬಾಗಿಲು ಬರೆದ ಕೈ.

ಆ ಬಾಗಿಲಿನ ಮೂಲಕ ನಡೆದರೆ ದೂರ ಮುನ್ನೂರರೊಳಗೇ ಬರುತ್ತದೆ ಎಂದು ಅಧಿಕಾರಿ ಅಲ್ಲೇ ಚೌಕ ಎಣಿಸಿ ಹೇಳಿದಳು. ಬೀಗ ಹಾಕಿದೆ, ಕೀಲಿಕೈ ಕಳೆದುಹೋಗಿದೆ ಎಂದೆ. ನನ್ನ ಧ್ವನಿ ನನಗೇ ಯಾರದೋ ಹಾಗೆ ಕೇಳಿಸಿತು.

ಆಗ ಎದುರು ಬೆಂಚಿನಿಂದ ಅವಳು ಎದ್ದಳು. "ಕಳೆದಿಲ್ಲ ಮೇಡಂ. ಅಕ್ಕನ ಸೊಂಟದ ಗೊಂಚಲಲ್ಲೇ ಇದೆ. ಮೂರನೇದು." ಅವಳು ಕೂರಲು ಹೋದವಳು ಮತ್ತೆ ನಿಂತು ಹೇಳಿದಳು: "ಆದ್ರೆ ಅಕ್ಕ ಕಳೆದಿದೆ ಅಂದ್ರೆ ಕಳೆದಿದೆ ಅಂತ್ಲೇ ಬರ್ಕೊಳ್ಳಿ. ಅವಳನ್ನ ಬಲವಂತ ಮಾಡ್ಬೇಡಿ."

ಖಾಸಗಿ ಬಾಗಿಲನ್ನು ಯಾರೂ ಬಲವಂತವಾಗಿ ತೆರೆಸುವಂತಿಲ್ಲ, ಒಡತಿ ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ ಅದು ಸಾರ್ವಜನಿಕ ದಾರಿಯಾಗುತ್ತದೆ ಎಂದಳು ಅಧಿಕಾರಿ. ಹದಿನೈದು ದಿನ ಸಮಯ. ಕೊಡದಿದ್ದರೆ ಯೋಜನೆ ಬಿದ್ದುಹೋಗುತ್ತದೆ. ಅಂದರೆ ನಾನು ಸುಮ್ಮನಿದ್ದರೆ ಸಾಕು, ಗೆದ್ದಂತೆ.

ಮಾರ್ಚ್ 21, ಶುಕ್ರವಾರ

ಬರೆಯುವಂಥದ್ದೇನಿಲ್ಲ. ಗೊಂಚಲನ್ನು ಮೇಜಿನ ಮೇಲಿಟ್ಟು ಕೆಲಸ ಮಾಡಿದೆ. ಸೊಂಟ ಹಗುರವಾಯಿತು, ಹಿತವಾಗಲಿಲ್ಲ. ಮತ್ತೆ ಸಿಕ್ಕಿಸಿಕೊಂಡೆ.

ಮಾರ್ಚ್ 24, ಸೋಮವಾರ

ಸೊಸೆ ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ ಸುದ್ದಿ ಹೇಳಿದಳು. ಜಾಗ ನಗರಸಭೆ ತೆಗೆದುಕೊಂಡರೆ ಗೇಟಿನ ಪಕ್ಕದ ಕೋಣೆಯಲ್ಲೇ ಉಳಿದು ನಿಲುಗಡೆ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ ಎಂದು ಗೋಡೆಯಾಚೆಯವಳು ಕೇಳಿಕೊಂಡಿದ್ದಳಂತೆ. ತೆಗೆದುಕೊಳ್ಳದಿದ್ದರೆ ಖಾಲಿ ಕಾರ್ಖಾನೆಯಲ್ಲಿ ಒಬ್ಬಳೇ ಇರುವುದು ಬೇಡ ಎಂದು ಅವಳ ಮಗಳು ಹಟ ಹಿಡಿದಿದ್ದಾಳೆ. ತಿಂಗಳಾಚೆ ಬಂದು ದೂರದ ತನ್ನ ಊರಿಗೆ ಕರೆದುಕೊಂಡು ಹೋಗುತ್ತಾಳಂತೆ.

"ಅತ್ತೆ, ನೀವು ಸಹಿ ಹಾಕಿದ್ರೆ ನಮ್ಮ ಗಿರಾಕಿಗಳಿಗೂ ಹಿಂದಿನಿಂದ ಬರೋಕೆ ಹತ್ತಿರ ಆಗುತ್ತೆ" ಎಂದಳು.

ಯಾರ ಮುಂದೆ ಲೆಕ್ಕಾಚಾರ ಮಾಡುತ್ತಿದ್ದೀ ಎಂದು ಬೈದೆ. ಹೋಗುವವರು ಹೋಗಲಿ. ಅಷ್ಟು ವರ್ಷ ಇದ್ದದ್ದೇ ಹೆಚ್ಚು.

ಇವತ್ತು ಬೆಳಿಗ್ಗೆ ಶಿಳ್ಳೆ ಇರಲಿಲ್ಲ. ಪೆಟ್ಟಿಗೆಗಳನ್ನು ಎಳೆಯುವ ಸದ್ದು. ಹಾಲು ಉಕ್ಕಿಹೋಯಿತು, ಹೊತ್ತು ಎಷ್ಟಾಯಿತೆಂದು ತಿಳಿಯಲಿಲ್ಲ.

ಮಾರ್ಚ್ 27, ಗುರುವಾರ

ಒಂದು ಕುರ್ಚಿ ಬಂದಿದೆ. ಮೊಳೆಬಾಯಿ ಕೈಗಾಡಿಯಲ್ಲಿ ರಸ್ತೆ ಸುತ್ತಿಕೊಂಡು ತಂದ. ಅಪ್ಪನ ಕುರ್ಚಿ. ಹಂಚಿಕೆಯಲ್ಲಿ ಅವಳಿಗೆ ಹೋದದ್ದು. ಊರಿಗೆ ತೆಗೆದುಕೊಂಡು ಹೋಗಬೇಕಂತೆ, ಕೂರುವ ಜಾಗ ಕುಸಿದಿದೆ, ಸರಿಮಾಡಿ ಕೊಡಿ ಎಂದು ಹೇಳಿಕಳುಹಿಸಿದ್ದಾಳೆ. ಬೇರೆ ಅಂಗಡಿ ಇರಲಿಲ್ಲವೇ ಎಂದೆ. "ಇದ್ವು" ಎಂದ ಮೊಳೆಬಾಯಿ. ಇವತ್ತಿನ ಅವನ ಮಾತು ಅಷ್ಟೇ.

ಗಿರಾಕಿ ಗಿರಾಕಿಯೇ. ಚೀಟಿ ಬರೆದೆ. ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. "ಹಿಂದಿನ ಅಂಗಳ" ಎಂದು ಬರೆದೆ.

ಮಾರ್ಚ್ 29, ಶನಿವಾರ

ಕುರ್ಚಿ ಬಿಚ್ಚುವುದನ್ನು ಯಾರ ಕೈಗೂ ಕೊಡಲಿಲ್ಲ. ಮೇಲೆ ಕಂದು ರೆಕ್ಸಿನ್, ಅದರಡಿ ನೀಲಿ ಬಟ್ಟೆ, ಅದರಡಿ ಹೂವಿನದು, ಕೊನೆಗೆ ಗೋಣಿ. ಬಿಚ್ಚುತ್ತ ಹೋದಂತೆ ಮರದ ಪುಡಿಯ ವಾಸನೆ ಬಂತು. ಗೋಣಿಯ ಅಂಚಿನ ಹೊಲಿಗೆ ನೋಡಿ ಕೈ ನಿಂತಿತು. ಎಡ ಅರ್ಧ ಒತ್ತೊತ್ತಾಗಿ, ಸಮವಾಗಿ, ಸಿಪಾಯಿಗಳ ಸಾಲಿನ ಹಾಗಿದೆ. ಅದು ನನ್ನದು, ಆಗ ನನಗೆ ಹನ್ನೆರಡು. ಬಲ ಅರ್ಧ ಅಂಕುಡೊಂಕು, ಹೊಲಿಗೆಯೋ ಇರುವೆ ಸಾಲೋ ತಿಳಿಯದು. ಅದು ಅವಳದು. ಅಪ್ಪ ಇಬ್ಬರಿಗೂ ಒಂದೊಂದು ಸೂಜಿ ಕೊಟ್ಟು, ಇಬ್ಬರೂ ನಡುವಿಗೆ ಬಂದು ಸೇರಿ ಎಂದಿದ್ದರು.

ಒಟ್ಟು ಐವತ್ತಾರು ವರ್ಷ, ಮೊದಲು ಅಪ್ಪನ ಭಾರ, ಆಮೇಲೆ ಅವಳ ಭಾರ. ಕುಸಿದದ್ದು ನನ್ನ ಅರ್ಧ. ಬಿಗಿ ಹೆಚ್ಚಾದ ದಾರ ಗೋಣಿಯನ್ನೇ ಕೊಯ್ದುಹಾಕಿದೆ. ಅಂಕುಡೊಂಕು ಇನ್ನೂ ಗಟ್ಟಿಯಾಗಿದೆ. ನೂಲಿನ ಗುಣ ಇರಬೇಕು.

ಮಧ್ಯಾಹ್ನ ಕಣ್ಣು ಮುಚ್ಚಿದ್ದಾಗ ಮತ್ತೆ ಆ ನೀರು. ಈ ಸಲ ಅದು ಕಲ್ಲು ಒಡೆದ ಹೊಂಡ, ನಾವು ಚಿಕ್ಕವರಿದ್ದಾಗ ಕದ್ದು ಹೋಗುತ್ತಿದ್ದದ್ದು. ತಂಗಿ ನೀರಿಗೆ ಬೀಳುತ್ತಿದ್ದಳು, ನಾನು ದಡದಲ್ಲಿ ಅವಳ ಬಟ್ಟೆ ಹಿಡಿದು ಕೂರುತ್ತಿದ್ದೆ. ಯಾರಾದರೂ ಬಂದರೆ ಎಚ್ಚರಿಸಲು ಶಿಳ್ಳೆ ಹಾಕು ಎಂದು ಕಲಿಸಲು ನೋಡಿದಳು. ನನಗೆ ಬರಲಿಲ್ಲ. ಈಜೂ ಬರಲಿಲ್ಲ. ಕನಸಿನಲ್ಲಿ ನೀರಿನ ತಳದಲ್ಲಿ ಬಿಳಿ ಗೆರೆಗಳಿದ್ದವು, ಅವಳು ಒಂದೊಂದರ ಮೇಲೂ ಕೈಯಾಡಿಸುತ್ತ ಎಣಿಸುತ್ತಿದ್ದಳು. ನಾನು ದಡದಿಂದ ಕೂಗಬೇಕೆಂದು ಬಾಯಿ ತೆರೆದರೆ ಬಾಯಿ ತುಂಬ ಮೊಳೆ.

ಏಪ್ರಿಲ್ 2, ಬುಧವಾರ

ಕುರ್ಚಿ ಸಿದ್ಧವಾಯಿತು. ಹೊಸ ಗೋಣಿ, ಹೊಸ ನಾರು, ಮೇಲೆ ಬೂದು ಹತ್ತಿ ಬಟ್ಟೆ. ಅಂಕುಡೊಂಕು ಹೊಲಿಗೆಯ ಅಂಚನ್ನು ಬಿಚ್ಚಲಿಲ್ಲ, ಹಾಗೇ ಉಳಿಸಿ ಒಳಗೆ ಸೇರಿಸಿದೆ. ನನ್ನದನ್ನು ಸ್ವಲ್ಪ ಸಡಿಲ ಹೊಲಿದೆ.

ಸಿದ್ಧವಾದ ಸಾಮಾನನ್ನು ಮನೆಗೆ ತಲುಪಿಸುವುದು ಅಂಗಡಿಯ ನೇಮ. ಆದರೆ ಮೊಳೆಬಾಯಿ ಬೆಳಗಿನಿಂದ ಸೊಂಟ ಹಿಡಿದುಕೊಂಡಿದೆ ಎಂದು ಕೂತಿದ್ದ. ಮಗ ಬಟ್ಟೆ ತರಲು ಹೋಗಿದ್ದ. ಕುರ್ಚಿಯನ್ನು ಹೊತ್ತು ಆರುನೂರ ಹನ್ನೆರಡು ಮೀಟರ್ ಸುತ್ತುವ ವಯಸ್ಸು ನನ್ನದಲ್ಲ. ಕುರ್ಚಿಯ ಅಗಲ ಎರಡು ಅಡಿ ಐದು ಅಂಗುಲ, ಬಾಗಿಲಿನದು ಮೂರು ಅಡಿ ಎರಡು. ಹಿಡಿಸುತ್ತದೆ. ಬೇರೆ ಯಾವ ಕಾರಣಕ್ಕೂ ಅಲ್ಲ.

ಹಿತ್ತಿಲಲ್ಲಿ ಬಿಸಿಲು ತೆಳ್ಳಗೆ ಬಿದ್ದಿತ್ತು. ಮೂರನೆಯ ಕೀಲಿಕೈ ಹಾಕಿದೆ, ಬೀಗ ಬೆಣ್ಣೆಯ ಹಾಗೆ ತೆರೆಯಿತು. ಅದು ನನಗೆ ಗೊತ್ತಿದ್ದದ್ದೇ. ಆದರೆ ಕದದ ತಿರುಗಣೆಗಳು ಆಚೆ ಕಡೆಗಿವೆ, ಇಪ್ಪತ್ತೆರಡು ವರ್ಷದ ತುಕ್ಕು ಇರುತ್ತದೆ, ಭುಜ ಕೊಟ್ಟು ನೂಕಬೇಕು ಎಂದುಕೊಂಡಿದ್ದೆ. ಭುಜ ಕೊಟ್ಟೆ. ಕದ ಒಂದು ಸದ್ದೂ ಮಾಡದೆ ಹಿಂದಕ್ಕೆ ಹೋಯಿತು, ನಾನು ಮುಗ್ಗರಿಸಿ ಆಚೆಗೆ ಬಿದ್ದಂತಾದೆ. ತಿರುಗಣೆಗಳು ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ, ಕೆಳಗೆ ಗೋಡೆಯ ಮೇಲೆ ವರ್ಷಗಳ ಕಪ್ಪು ಧಾರೆ.

ಮರದ ವ್ಯಾಪಾರ ಮಾಡಿದವರಿಗೆ ಅಂಥ ಅಭ್ಯಾಸ ಇರುತ್ತದೆ.

ಅಂಗಳದಲ್ಲಿ ಗುಬ್ಬಿ, ಚಿಕ್ಕಂದಿನಲ್ಲಿ ತಂಗಿಯನ್ನು ನಾನು ಹಾಗೆಯೇ ಕರೆಯುತ್ತಿದ್ದದ್ದು, ಒಂದು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಹಗ್ಗ ಬಿಟ್ಟಳು. ನಾನು ಕುರ್ಚಿಯನ್ನು ಬಾಗಿಲಿನಿಂದ ಆಚೆಗೆ ಎಳೆದು, ಕುರ್ಚಿ ಬಂದಿದೆ ಎಂದೆ. ಅವಳು ಬಂದು, ನಿಂತು, ಕೂತಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿದಳು.

"ನಿನ್ನ ಕಡೆ ಈಗ ಮೆತ್ತಗಿದೆ" ಎಂದಳು.

ಆಮೇಲೆ ಅವಳೇ ಅಂದಳು: "ಅವತ್ತು ನಾನು ಆಡಿದ್ದು ಹೊಟ್ಟೆಕಿಚ್ಚಿಗೆ, ಅಕ್ಕ. ಅಪ್ಪ ಕೊನೆಗಾಲದಲ್ಲಿ ನಿನ್ನ ಹೆಸರನ್ನೇ ಕರೀತಿದ್ರು."

"ನಾಲ್ಕು ಜನ ನೋಡ್ಲಿ ಅಂತಾನೂ ಇತ್ತು" ಎಂದೆ. ಯಾಕೆ ಹಾಗಂದೆನೋ. ಅಳತೆಯಲ್ಲಿ ಅರ್ಧ ಮೀಟರ್ ಬಿಡಬಾರದಲ್ಲ.

ಅವಳು ನಕ್ಕಳು. ಮುಂದಿನ ಹಲ್ಲೊಂದಿಲ್ಲ. ಆದರೂ ಶಿಳ್ಳೆ ಹೇಗೆ ಬರುತ್ತದೋ.

ವಾಪಸು ಬಂದಾಗ ಮೊಳೆಬಾಯಿ ಸೋಫಾದ ಚೌಕಟ್ಟನ್ನು ಒಬ್ಬನೇ ಎತ್ತಿ ಮಗ್ಗುಲಾಗಿಸುತ್ತಿದ್ದ. ಸೊಂಟ ಏನಾಯಿತೋ ಎಂದು ಕೇಳಿದೆ. ಬಾಯಿ ತುಂಬ ಮೊಳೆ.

ಏಪ್ರಿಲ್ 4, ಶುಕ್ರವಾರ

ಹದಿನೈದನೆಯ ದಿನ. ಒಪ್ಪಿಗೆ ಪತ್ರ ಕೊಟ್ಟೆ. ಅಂಗಡಿಯ ಹಿತದೃಷ್ಟಿಯಿಂದ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಅಧಿಕಾರಿ ಚಕ್ರದ ಅಳತೆ ಕೋಲು ಉರುಳಿಸುತ್ತ ತಾನೇ ಬಂದಳು. ನಿಲುಗಡೆಯಿಂದ ಅಂಗಡಿಯ ಪಕ್ಕದ ಓಣಿ, ಹಿತ್ತಿಲು, ಬಾಗಿಲು, ಅಂಗಳ. ಹಿಂದೆ ನಾನು, ಗುಬ್ಬಿ, ಸೊಸೆ, ಮೊಳೆಬಾಯಿ, ಕರೆಯದಿದ್ದರೂ ಇಸ್ತ್ರಿಯವಳು. ಮೆರವಣಿಗೆಯ ಹಾಗಿತ್ತು. ಚಕ್ರ ಹೊಸ್ತಿಲು ದಾಟುವಾಗ ಟಿಕ್ ಎಂದಿತು.

ನೂರ ಎಪ್ಪತ್ತೊಂದು ಮೀಟರ್. ನನ್ನ ಟೇಪಿನಲ್ಲೂ ಅಷ್ಟೇ. ಬೆಳಿಗ್ಗೆಯೇ ಅಳೆದಿಟ್ಟಿದ್ದೆ.

ಜೂನ್ 14, ಶನಿವಾರ

ಬಹಳ ದಿನ ಬರೆಯಲಿಲ್ಲ. ದೂರು ಹೇಳುವಂಥದ್ದಿರಲಿಲ್ಲ.

ಹೋದ ವಾರ ಹೊಸ ಜಾಗ ತೆರೆದರು. ನಲವತ್ತಾರು ಬಿಳಿ ಗೆರೆ. ಗುಬ್ಬಿ ಗೇಟಿನ ಕೋಣೆಯ ಮುಂದೆ ಅಪ್ಪನ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಗಾಡಿಗಳನ್ನು ದನಗಳ ಹಾಗೆ ಹೆಸರಿಟ್ಟು ಕರೆಯುತ್ತಾಳೆ. ಸೋಫಾ ತಂದವರನ್ನು ನನ್ನ ಬಾಗಿಲಿಗೇ ಅಟ್ಟುತ್ತಾಳೆ, ಮೂರು ಅಡಿ ಎರಡು ಅಂಗುಲ, ನೋಡಿಕೊಂಡು ಹಿಡೀರಿ ಎಂದು ಕೂಗುವುದು ಇಲ್ಲಿಯವರೆಗೆ ಕೇಳಿಸುತ್ತದೆ. ಕೊಳ ಮುಗಿದ ಮೇಲೆ ತನ್ನ ಜೊತೆ ಬರಬೇಕಂತೆ. ಬಟ್ಟೆ ಹಿಡಿದು ಕೂರಲು ಬರುತ್ತೇನೆ, ಅಷ್ಟೆ ಎಂದಿದ್ದೇನೆ.

ಸಾರ್ವಜನಿಕ ದಾರಿಗೆ ಬೀಗ ಹಾಕುವಂತಿಲ್ಲ. ಆದರೂ ಮೂರನೆಯ ಕೀಲಿಕೈಯನ್ನು ಗೊಂಚಲಿನಿಂದ ತೆಗೆದಿಲ್ಲ. ತೆಗೆದರೆ ತೂಕ ಒಂದೇ ಕಡೆ ವಾಲುತ್ತದೆ.

ಇವತ್ತು ಎದುರಿನ ಹಳೆಯ ಜಾಗದ ಬೇಲಿ ಮುಚ್ಚಿದ್ದರು. ಖಾಲಿ ಗೆರೆಗಳ ಮೇಲೆ ಮಂಜು ಮಲಗಿತ್ತು, ನೀರು ಆಗಲೇ ಬಂದಿರುವ ಹಾಗೆ. ಆರೂವರೆಯಾಗಿತ್ತು, ಶಿಳ್ಳೆ ಇನ್ನೂ ಬಂದಿರಲಿಲ್ಲ. ಹಿತ್ತಿಲಿಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಬಾಗಿಲಲ್ಲಿ ನಿಂತು ತುಟಿ ಮುಂದೆ ಮಾಡಿ ಊದಿದೆ. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದೆ, ಆಗಲೂ ಗಾಳಿಯೇ.

ಆಚೆಯಿಂದ ಉತ್ತರ ಬಂತು.